ಒಂದು ಕಾಳು ಬೆಳಕು

"ಇಂದು ರಾತ್ರಿ 12.30ರಿಂದ 3.30ರವರೆಗೆ ಕಾಸ್ಮಿಕ್ ಕಿರಣಗಳು ಭೂಮಿಯ ಹತ್ತಿರ ಹಾದುಹೋಗುತ್ತವೆ. ಮೊಬೈಲ್ ಆಫ್ ಮಾಡಿ, ಮೈಯಿಂದ ದೂರ ಇಡಿ." ಈ ಮೆಸೇಜ್ ನಿಮಗೂ ಬಂದಿರುತ್ತದೆ. ಕೊನೆಯಲ್ಲಿ ನಾಸಾ ಹೆಸರೂ ಬಿಬಿಸಿ ಹೆಸರೂ ಇರುತ್ತವೆ. ಹೋದ ಸಲ ಬಂದಾಗ ಸರಸ್ವತಿಪುರಂನ ನಮ್ಮ ಪಕ್ಕದ ಮನೆ ಅಜ್ಜಿ ಮೊಬೈಲನ್ನು ಸ್ಟೀಲ್ ಡಬ್ಬಿಗೆ ಹಾಕಿ ಅಟ್ಟದ ಮೇಲಿಟ್ಟರು. ಆಮೇಲೆ ಕಾಂಪೌಂಡ್ ಹತ್ತಿರ ಕರೆದು ಕೇಳಿದರು, "ನೀನೂ ಆಫ್ ಮಾಡ್ದೇನಪ್ಪಾ? ರಾತ್ರಿ ಬರುತ್ತಂತೆ ಅದು."

"ಅಜ್ಜಿ, ಅದು ಬಂದೇ ಇದೆ. ನೀವು ಮಾತಾಡ್ತಿರೋವಾಗಲೇ ನಿಮ್ಮ ಅಂಗೈ ತೂರಿಕೊಂಡು ಹೋಯ್ತು" ಅಂದೆ. ಅಜ್ಜಿ ಅಂಗೈ ತಿರುಗಿಸಿ ನೋಡಿಕೊಂಡರು.

ನಾನು ಹೇಳಿದ್ದು ನಿಜ. ಆಕಾಶದಿಂದ ಬರುವ ಕಣಗಳು ಮೇಲಿನ ಗಾಳಿಗೆ ಬಡಿದು ಮ್ಯುವಾನ್ ಎಂಬ ಕಣಗಳನ್ನು ಹುಟ್ಟಿಸುತ್ತವೆ. ಚಾಚಿದ ಅಂಗೈಯನ್ನು ಸೆಕೆಂಡಿಗೆ ಒಂದರ ಲೆಕ್ಕದಲ್ಲಿ ಅವು ದಾಟಿ ಹೋಗುತ್ತಲೇ ಇರುತ್ತವೆ. ಹಗಲೂ ಅಷ್ಟೇ, ರಾತ್ರಿಯೂ ಅಷ್ಟೇ. ನಮ್ಮ ಅಜ್ಜಿಯ ಅಜ್ಜಿಯ ಕಾಲದಲ್ಲೂ ಹೀಗೇ ಇತ್ತು. ಇನ್ನು ನ್ಯೂಟ್ರಿನೊ ಎಂಬ, ಯಾವುದಕ್ಕೂ ಸುಲಭವಾಗಿ ತಗಲದ ಕಣಗಳ ಲೆಕ್ಕ ಬೇರೆಯೇ. ಸೂರ್ಯನಿಂದ ಬಂದವೇ ಸೆಕೆಂಡಿಗೆ ಸುಮಾರು 6,500 ಕೋಟಿ, ಅದೂ ಒಂದು ಹೆಬ್ಬೆರಳಿನ ಉಗುರಿನ ಮೂಲಕ! ಅವು ಯಾರನ್ನೂ ಏನೂ ಮಾಡುವುದಿಲ್ಲ. ಭೂಮಿಯನ್ನೇ ತೂರಿಕೊಂಡು ಆಚೆ ಹೋಗುತ್ತವೆ.

ಇಷ್ಟು ಚೆಂದದ ಸಂಗತಿ ನಮ್ಮ ಮನೆಗಳಿಗೆ ಹೆದರಿಕೆಯ ಮೆಸೇಜಾಗಿ ಬರುತ್ತದಲ್ಲ, ಅದು ನನಗೆ ನಿಜವಾಗಿಯೂ ಸಂಕಟ. ಅದಕ್ಕೇ ಈ ಲೇಖನ. ನಾನು ಹೇಳಬೇಕೆಂದಿರುವುದು ಒಂದು ಗಾಜಿನ ಬುರುಡೆಯ ಕಥೆ. ಬೆಳಕಿನ ಒಂದೇ ಒಂದು ಕಾಳು ಬಿದ್ದರೂ ಅದಕ್ಕೆ ಕಾಣುತ್ತದೆ.

2023ರ ಫೆಬ್ರವರಿ 13. ಇಟಲಿಯ ಸಿಸಿಲಿ ದ್ವೀಪದ ಆಚೆ, ಮೆಡಿಟರೇನಿಯನ್ ಸಮುದ್ರದಲ್ಲಿ 3,450 ಮೀಟರ್ ಆಳ. ಸೂರ್ಯನ ಬೆಳಕು ಎಂದೂ ತಲುಪದ ಜಾಗ. ಅಲ್ಲಿ ತಳಕ್ಕೆ ಕಟ್ಟಿ ನಿಲ್ಲಿಸಿದ ಹಗ್ಗಗಳಿವೆ. ಒಂದೊಂದು ಹಗ್ಗದಲ್ಲೂ ಮಣಿ ಪೋಣಿಸಿದ ಹಾಗೆ 18 ಗಾಜಿನ ಗೋಳಗಳು, ಅವುಗಳೊಳಗೆ ಬೆಳಕು ಹಿಡಿಯುವ ಕಣ್ಣುಗಳು. ಇದರ ಹೆಸರು ಕೆಎಂ3ನೆಟ್. ಇದು ನ್ಯೂಟ್ರಿನೊ ದೂರದರ್ಶಕ. ಅಪರೂಪಕ್ಕೊಂದು ನ್ಯೂಟ್ರಿನೊ ನೀರಿಗೋ ಬಂಡೆಗೋ ಬಡಿದು ಮ್ಯುವಾನ್ ಹುಟ್ಟಿಸಿದರೆ, ಆ ಮ್ಯುವಾನಿನ ಬೆಳಕನ್ನು ಇದು ಹಿಡಿಯುತ್ತದೆ. ಇಡೀ ಯೋಜನೆಯಲ್ಲಿ ಇಲ್ಲಿ 230 ಹಗ್ಗ ಬರಬೇಕು. ಅಂದು ಇದ್ದದ್ದು 21 ಮಾತ್ರ. ಅಷ್ಟರಲ್ಲೇ ಒಂದು ಮ್ಯುವಾನ್ ಹೆಚ್ಚುಕಡಿಮೆ ಅಡ್ಡಡ್ಡಲಾಗಿ ನುಗ್ಗಿ ಹೋಯಿತು. ಕೆಲಸ ಮಾಡುತ್ತಿದ್ದ ಕಣ್ಣುಗಳಲ್ಲಿ ಮೂರನೇ ಒಂದಕ್ಕೂ ಜಾಸ್ತಿ ಒಟ್ಟಿಗೆ ಬೆಳಕು ಕಂಡವು.

ಲೆಕ್ಕ ಹಾಕಿ, ತಾಳೆ ನೋಡಿ, ಪ್ರಕಟಿಸಿದ್ದು 2025ರ ಫೆಬ್ರವರಿಯಲ್ಲಿ. ಆ ಮ್ಯುವಾನನ್ನು ಹುಟ್ಟಿಸಿದ ನ್ಯೂಟ್ರಿನೊದ ಶಕ್ತಿ ಸುಮಾರು 220 ಪೆಟಾ ಎಲೆಕ್ಟ್ರಾನ್ ವೋಲ್ಟ್ ಎಂದು ಅಂದಾಜು. ಕಣಗಳನ್ನು ಓಡಿಸಿ ಡಿಕ್ಕಿ ಹೊಡೆಸುವ ಜಿನೀವಾದ ದೊಡ್ಡ ಯಂತ್ರ ಪ್ರೋಟಾನಿಗೆ ತುಂಬುವ ಶಕ್ತಿಗಿಂತ ಇದು ಸುಮಾರು 30,000 ಪಟ್ಟು ಹೆಚ್ಚು. ಕೈಯಳತೆಯಲ್ಲಿ ಹೇಳುವುದಾದರೆ, ಒಂದು ರೂಪಾಯಿ ನಾಣ್ಯ ಸೊಂಟದ ಎತ್ತರದಿಂದ ನೆಲಕ್ಕೆ ಬೀಳುವಷ್ಟು ಶಕ್ತಿ. ಇಷ್ಟೇನಾ ಅನ್ನಿಸುತ್ತದೆ ಅಲ್ವಾ? ಆದರೆ ನಾಣ್ಯದಲ್ಲಿ ಕೋಟಿ ಕೋಟಿ ಕೋಟಿ ಪರಮಾಣುಗಳಿವೆ. ಇಲ್ಲಿ ಅಷ್ಟೂ ಶಕ್ತಿ ಒಂದೇ ಕಣದಲ್ಲಿತ್ತು. ಇಷ್ಟು ಶಕ್ತಿಯ ನ್ಯೂಟ್ರಿನೊವನ್ನು ಅದಕ್ಕೆ ಮುಂಚೆ ಯಾರೂ ಕಂಡಿರಲಿಲ್ಲ.

ಸರಿ, ಮ್ಯುವಾನ್ ಹೋದರೆ ಬೆಳಕು ಯಾಕೆ ಬರಬೇಕು?

ಬೆಳಗ್ಗೆ ಕುಕ್ಕರಹಳ್ಳಿ ಕೆರೆಗೆ ಹೋದವರು ನೋಡಿರುತ್ತೀರಿ. ಹೆಜ್ಜಾರ್ಲೆ ಈಜಿಕೊಂಡು ಹೋದರೆ ಅದರ ಹಿಂದೆ ನೀರಿನಲ್ಲಿ ನೇಗಿಲ ಗೆರೆಯಂತೆ ಎರಡು ಅಲೆಗಳು ಅಗಲವಾಗುತ್ತಾ ಹೋಗುತ್ತವೆ. ಹಕ್ಕಿ ಅಲೆಯನ್ನು ಹಿಂದೆ ಹಾಕುತ್ತದೆ, ಅಲೆಗಳೆಲ್ಲ ಒಂದರ ಮೇಲೊಂದು ಸೇರಿ ಅಂಚು ಕಟ್ಟುತ್ತವೆ. ಕೆಆರ್‌ಎಸ್ ಹಿನ್ನೀರಿನಲ್ಲಿ ಮೋಟಾರ್ ಬೋಟ್ ಹೋದಾಗ ಇದೇ ಅಂಚು ದೊಡ್ಡದಾಗಿ ದಡಕ್ಕೆ ಬಂದು ಬಡಿಯುತ್ತದೆ. ವಿಮಾನ ತನ್ನ ಸದ್ದನ್ನೇ ಹಿಂದೆ ಹಾಕಿದರೆ ಸದ್ದಿನ ಅಂಚು ನೆಲಕ್ಕೆ ಬಡಿಯುತ್ತದೆ. 2020ರ ಮೇ 20ರಂದು ಬೆಂಗಳೂರಿನವರು ಭೂಕಂಪ ಅಂತ ಮನೆಯಿಂದ ಹೊರಗೆ ಓಡಿ ಬಂದರಲ್ಲ, ಅದು ವಾಯುಪಡೆಯ ಪರೀಕ್ಷಾ ಹಾರಾಟದ ಇಂಥದ್ದೇ ಸದ್ದು. ಬೆಳಕಿಗೂ ಹೀಗೇ ಅಂಚು ಕಟ್ಟುತ್ತದೆ.

ಇಲ್ಲಿ ಬಹಳ ಜನ ತಡೆದು ಕೇಳುತ್ತಾರೆ. ಬೆಳಕಿಗಿಂತ ಜೋರಾಗಿ ಯಾವುದೂ ಹೋಗಲಾರದು ಅಂತ ಶಾಲೆಯಲ್ಲಿ ಕಲಿತಿಲ್ಲವಾ? ಆ ಮಾತು ಬರೀ ಖಾಲಿ ಜಾಗಕ್ಕೆ. ಅಲ್ಲಿ ಬೆಳಕಿನ ವೇಗ ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್. ನೀರಿನಲ್ಲಿ ಅದು ಸುಮಾರು ಎರಡೂಕಾಲು ಲಕ್ಷಕ್ಕೆ ಇಳಿಯುತ್ತದೆ. ಮ್ಯುವಾನ್ ಮಾತ್ರ ನೀರಿನಲ್ಲೂ 3 ಲಕ್ಷದ ಹತ್ತಿರವೇ ಓಡುತ್ತದೆ. ಹಾಗಾಗಿ ಅದರ ಹಿಂದೆ ಶಂಕುವಿನಾಕಾರದ ನೀಲಿ ಬೆಳಕು ಹರಡುತ್ತದೆ. ಇದನ್ನು 1934ರಲ್ಲಿ ಗುರುತಿಸಿದ್ದು ರಷ್ಯಾದ ಪಾವೆಲ್ ಚೆರೆಂಕೋವ್. ಆಗ ಉಪಕರಣ ಅವರ ಕಣ್ಣೇ. ಪ್ರಯೋಗಕ್ಕೆ ಮುಂಚೆ ಒಂದು ಗಂಟೆಗೂ ಜಾಸ್ತಿ ಹೊತ್ತು ಕತ್ತಲಲ್ಲಿ ಕೂತು ಕಣ್ಣನ್ನು ಹದ ಮಾಡಿಕೊಳ್ಳುತ್ತಿದ್ದರಂತೆ. 1958ರಲ್ಲಿ ನೊಬೆಲ್ ಬಂತು.

ಈಗ ಆ ಕತ್ತಲಲ್ಲಿ ಕೂರುವ ಕೆಲಸ ಗಾಜಿನ ಬುರುಡೆಯದು. ಅದರ ಹೆಸರು ಫೋಟೊಮಲ್ಟಿಪ್ಲೈಯರ್ ಟ್ಯೂಬ್, ಚಿಕ್ಕದಾಗಿ ಪಿಎಂಟಿ. ಇದರ ಒಳಗೆ ಏನು ನಡೆಯುತ್ತದೆ ಎಂಬುದನ್ನು ನಿಧಾನವಾಗಿಯೇ ಹೇಳುತ್ತೇನೆ. ಇದಕ್ಕಿಂತ ಚೆಂದದ ಉಪಾಯವನ್ನು ನಾನು ಕಂಡಿಲ್ಲ.

ಬೆಳಕು ಕಾಳು ಕಾಳಾಗಿ ಬರುತ್ತದೆ. ಆ ಕಾಳಿನ ಹೆಸರು ಫೋಟಾನ್. ಭಾನುವಾರ ಸಂಜೆ ಅರಮನೆಯ ಸುಮಾರು ಒಂದು ಲಕ್ಷ ಬಲ್ಬುಗಳು ಒಟ್ಟಿಗೆ ಹೊತ್ತಿದಾಗ ನಮ್ಮ ಕಣ್ಣಿಗೆ ಸುರಿಯುವುದು ಕಾಳಿನ ರಾಶಿ. ಪಿಎಂಟಿ ಕಾಯುವುದು ರಾಶಿಗಲ್ಲ, ಒಂದು ಕಾಳಿಗೆ. ಆ ಕಾಳು ಗಾಜಿನ ಒಳಮೈಗೆ ಬಳಿದ ತೆಳು ಲೇಪಕ್ಕೆ ಬಿದ್ದರೆ ಅಲ್ಲಿಂದ ಒಂದು ಎಲೆಕ್ಟ್ರಾನ್ ಹೊರಗೆ ಚಿಮ್ಮುತ್ತದೆ. ಯಾಕೆ ಚಿಮ್ಮುತ್ತದೆ ಅಂತ 1905ರಲ್ಲಿ ವಿವರಿಸಿದವರು ಐನ್‌ಸ್ಟೈನ್. ಅವರ ನೊಬೆಲ್ ಇದಕ್ಕೇ ಬಂದದ್ದು, ಸಾಪೇಕ್ಷತೆಗಲ್ಲ.

ಒಂದು ಎಲೆಕ್ಟ್ರಾನ್ ಅಂದರೆ ಏನೂ ಇಲ್ಲ. ಯಾವ ಮೀಟರೂ ಅಲ್ಲಾಡುವುದಿಲ್ಲ. ಅದನ್ನು ಬೆಳೆಸಬೇಕು. ಮಂಡ್ಯದ ಕಡೆ ಭತ್ತ ನಾಟಿ ಮಾಡಿದವರಿಗೆ ಇದು ಸುಲಭವಾಗಿ ಹಿಡಿಸುತ್ತದೆ. ಒಂದು ಪೈರು ತೆಂಡೆ ಒಡೆಯುತ್ತದೆ, ಒಂದೊಂದು ತೆಂಡೆಗೂ ತೆನೆ ಬರುತ್ತದೆ. ಒಂದು ಕಾಳಿಗೆ ನೂರು ಕಾಳು ಅಂತ ಇಟ್ಟುಕೊಂಡರೂ ಮೂರನೇ ಬೆಳೆಗೆ ಹತ್ತು ಲಕ್ಷ ಕಾಳು. ಪಿಎಂಟಿಯೂ ಇದೇ ಬೇಸಾಯ ಮಾಡುತ್ತದೆ. ಒಳಗೆ ಲೋಹದ ಹತ್ತು ತಟ್ಟೆಗಳಿವೆ ಎನ್ನಿ. ವಿದ್ಯುತ್ತಿನ ಸೆಳೆತಕ್ಕೆ ಎಲೆಕ್ಟ್ರಾನ್ ಮೊದಲ ತಟ್ಟೆಗೆ ಜೋರಾಗಿ ಬಡಿಯುತ್ತದೆ, ಅಲ್ಲಿಂದ ನಾಲ್ಕು ಎಲೆಕ್ಟ್ರಾನ್ ಏಳುತ್ತವೆ. ನಾಲ್ಕೂ ಎರಡನೇ ತಟ್ಟೆಗೆ ಬಡಿದರೆ ಹದಿನಾರು. ಮೂರಕ್ಕೆ ಅರವತ್ತನಾಲ್ಕು. ಹತ್ತನೇ ತಟ್ಟೆ ದಾಟುವಾಗ 10 ಲಕ್ಷದ 48 ಸಾವಿರ. ಇಷ್ಟಾದರೆ ಮೀಟರ್ ಅಲ್ಲಾಡುತ್ತದೆ. ಇನ್ನೊಂದು ರೀತಿ ಹೇಳಲಾ? ದೇವರಾಜ ಮಾರುಕಟ್ಟೆಯಲ್ಲಿ ಒಬ್ಬರು ನಾಲ್ವರಿಗೆ ಒಂದು ಸುದ್ದಿ ಹೇಳುತ್ತಾರೆ. ಆ ನಾಲ್ವರು ತಲಾ ನಾಲ್ವರಿಗೆ ಹೇಳುತ್ತಾರೆ. ಹತ್ತನೇ ಸುತ್ತಿಗೆ ಇಡೀ ಮೈಸೂರಿಗೆ ಗೊತ್ತು. ಅಜ್ಜಿಗೆ ಬಂದ ಮೆಸೇಜೂ ಇದೇ ದಾರಿಯಲ್ಲಿ ಬಂದಿರುತ್ತದೆ.

ಇದೆಲ್ಲ ಮುಗಿಯುವುದಕ್ಕೆ ಬೇಕಾಗುವುದು ಹತ್ತಾರು ನ್ಯಾನೊಸೆಕೆಂಡುಗಳಷ್ಟೇ. ಸೆಕೆಂಡನ್ನು ನೂರು ಕೋಟಿ ಚೂರು ಮಾಡಿದರೆ ಒಂದು ಚೂರು ನ್ಯಾನೊಸೆಕೆಂಡ್. ಅಷ್ಟರಲ್ಲಿ ನೀರೊಳಗೆ ಬೆಳಕು ಹೋಗುವುದು ಒಂದು ಗೇಣು. ಹಾಗಾಗಿ ಯಾವ ಬುರುಡೆಗೆ ಬೆಳಕು ಮೊದಲು ತಲುಪಿತು, ಯಾವುದಕ್ಕೆ ಆಮೇಲೆ ಅಂತ ಜೋಡಿಸಿದರೆ ಮ್ಯುವಾನ್ ಹೋದ ದಾರಿ ಗೆರೆ ಎಳೆದ ಹಾಗೆ ಸಿಗುತ್ತದೆ. ಸಿಸಿಲಿಯ ಒಂದೊಂದು ಗಾಜಿನ ಗೋಳದಲ್ಲಿ ಇಂಥ 31 ಕಣ್ಣುಗಳಿವೆ.

ಆದರೆ ಸಮುದ್ರದ ತಳ ನಾವು ತಿಳಿದಷ್ಟು ಕತ್ತಲಾಗಿಲ್ಲ. ಉಪ್ಪುನೀರಿನಲ್ಲಿ ಪೊಟ್ಯಾಸಿಯಂ ಇದೆ. ಅದರಲ್ಲಿ ಸ್ವಲ್ಪ ಭಾಗ ವಿಕಿರಣ ಸೂಸುವ ಪೊಟ್ಯಾಸಿಯಂ-40. ನಂಜನಗೂಡು ರಸಬಾಳೆಯಲ್ಲೂ ಅದೇ ಇದೆ. ಒಂದು ಹಣ್ಣಿನಲ್ಲಿ ಸೆಕೆಂಡಿಗೆ ಸುಮಾರು ಹತ್ತು ಪರಮಾಣು ಒಡೆಯುತ್ತಿರುತ್ತವೆ. ನಮ್ಮ ಮೈಯಲ್ಲಿ ಸೆಕೆಂಡಿಗೆ ನಾಲ್ಕು ಸಾವಿರಕ್ಕೂ ಜಾಸ್ತಿ. ವಿಕಿರಣ ಎಂಬ ಪದ ಕೇಳಿದರೇ ಗಾಬರಿಯಾಗುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಸಮುದ್ರದಲ್ಲಿ ಈ ಒಡೆತದಿಂದ ಮಂಕಾದ ಬೆಳಕು ಬರುತ್ತಲೇ ಇರುತ್ತದೆ. ವಿಜ್ಞಾನಿಗಳು ಅದನ್ನೇ ತಂಬೂರಿಯ ಶ್ರುತಿಯಂತೆ ಇಟ್ಟುಕೊಂಡು ತಮ್ಮ ಕಣ್ಣುಗಳನ್ನು ಸರಿಹೊಂದಿಸುತ್ತಾರೆ.

ಇನ್ನೊಂದು ಬೆಳಕು ಜೀವಿಗಳದ್ದು. ಫ್ರಾನ್ಸಿನ ಟೂಲಾನ್ ಆಚೆ ಅಂಟಾರೆಸ್ ಎಂಬ ಹಳೆಯ ದೂರದರ್ಶಕವಿತ್ತು. 2009 ಮತ್ತು 2010ರಲ್ಲಿ ಅದರ ಕಣ್ಣುಗಳಿಗೆ ಇದ್ದಕ್ಕಿದ್ದ ಹಾಗೆ ವಿಪರೀತ ಬೆಳಕು ಬೀಳತೊಡಗಿತು. ನ್ಯೂಟ್ರಿನೊ ಹುಡುಕುವವರಿಗೆ ಅದು ಬರೀ ಕಾಟ. ಸಮುದ್ರ ಬಲ್ಲವರಿಗೆ ಅದೇ ಸುದ್ದಿ. ಚಳಿಗಾಲದಲ್ಲಿ ಮೇಲಿನ ನೀರು ತಣ್ಣಗಾಗಿ, ತೂಕವಾಗಿ ತಳಕ್ಕೆ ಇಳಿದಿತ್ತು. ಜೊತೆಗೆ ಆಮ್ಲಜನಕವನ್ನೂ ಆಹಾರವನ್ನೂ ಒಯ್ದಿತ್ತು. ತಳದ ಮಿನುಗುವ ಬ್ಯಾಕ್ಟೀರಿಯಾಗಳು ಅದರಿಂದ ಚುರುಕಾಗಿದ್ದವು. ಆಳ ಸಮುದ್ರ ಉಸಿರಾಡುವುದನ್ನು ಕಣವಿಜ್ಞಾನಿಗಳ ಬುರುಡೆಗಳು ನೋಡಿಬಿಟ್ಟಿದ್ದವು.

ತಿಮಿಂಗಿಲದ ಕಥೆ ಇನ್ನೂ ಚೆಂದ. ದೊಡ್ಡ ಶಕ್ತಿಯ ನ್ಯೂಟ್ರಿನೊ ನೀರಿಗೆ ಬಡಿದರೆ ಸಣ್ಣ ಟಿಕ್ ಸದ್ದೂ ಬರಬೇಕು ಎಂಬ ಲೆಕ್ಕವಿದೆ. ಆ ಸದ್ದು ಹಿಡಿಯಲು ಆದೀತೇ ಎಂದು ನೋಡಲು 2005ರಲ್ಲಿ ಇಟಲಿಯವರು ಸಿಸಿಲಿಯ ಕಟಾನಿಯಾ ಆಚೆ 2,000 ಮೀಟರ್ ಆಳಕ್ಕೆ ಮೈಕುಗಳನ್ನು ಇಳಿಸಿದರು. ಟಿಕ್ ಟಿಕ್ ಅಂತ ಕೇಳಿದ್ದು ಸ್ಪರ್ಮ್ ತಿಮಿಂಗಿಲಗಳು! ಆ ಭಾಗದಲ್ಲಿ ಅವು ಅಪರೂಪ ಎಂದುಕೊಂಡಿದ್ದರು. ನೋಡಿದರೆ ಪದೇ ಪದೇ ಓಡಾಡುತ್ತಿದ್ದವು. ಒಂದು ಟಿಕ್ ಒಳಗಿನ ಮಿಡಿತಗಳ ನಡುವಿನ ಬಿಡುವಿನಿಂದ ತಲೆಯ ಉದ್ದ, ಅದರಿಂದ ಮೈ ಉದ್ದ ಗೊತ್ತಾಗುತ್ತದೆ. ಪ್ರಾಣಿಯನ್ನು ಮುಟ್ಟದೆ, ಹೆದರಿಸದೆ ಎಣಿಸಬಹುದು, ಅಳೆಯಬಹುದು. ಮೆಡಿಟರೇನಿಯನ್ನಿನ ಈ ತಿಮಿಂಗಿಲಗಳು ಅಪಾಯದ ಅಂಚಿನಲ್ಲಿವೆ, ಹಡಗು ಬಡಿದು ಸಾಯುತ್ತವೆ. ಎಲ್ಲಿವೆ ಅಂತ ಗೊತ್ತಿಲ್ಲದ ಪ್ರಾಣಿಯನ್ನು ಕಾಪಾಡುವುದು ಹೇಗೆ?

ಇನ್ನು ಜೀವಕೋಶ. ಅಲ್ಲೂ ಪಿಎಂಟಿಯೇ ಕಣ್ಣು. 1961ರ ಬೇಸಿಗೆಯಲ್ಲಿ ಜಪಾನಿನ ವಿಜ್ಞಾನಿ ಒಸಾಮು ಶಿಮೊಮುರಾ ಅಮೆರಿಕದ ಫ್ರೈಡೇ ಹಾರ್ಬರ್‌ನಲ್ಲಿ ಮಿನುಗುವ ಜೆಲ್ಲಿಫಿಶ್ ಹಿಡಿದು ಅವುಗಳ ಬೆಳಕಿನ ಗುಟ್ಟು ಹುಡುಕುತ್ತಿದ್ದರು. ಸೋತು, ಪಾತ್ರೆಯಲ್ಲಿದ್ದ ರಸವನ್ನು ಸಿಂಕಿಗೆ ಸುರಿದರು. ಸಿಂಕ್ ಒಳಗೆ ನೀಲಿ ಬೆಳಕು ಫಳ್ಳೆಂದಿತು. ಅಕ್ವೇರಿಯಂನ ಸಮುದ್ರದ ನೀರು ಆ ಸಿಂಕಿಗೇ ಬರುತ್ತಿತ್ತು. ಅದರಲ್ಲಿದ್ದ ಕ್ಯಾಲ್ಸಿಯಂ ತಗಲಿ ರಸ ಹೊತ್ತಿಕೊಂಡಿತ್ತು. ಆ ರಸದ ಪ್ರೋಟೀನ್ ಇಕ್ವೋರಿನ್. ಜೊತೆಗೇ ಸಿಕ್ಕ ಹಸಿರು ಪ್ರೋಟೀನ್ ಮುಂದೆ ಜಿಎಫ್‌ಪಿ ಎಂದು ಹೆಸರಾಗಿ 2008ರಲ್ಲಿ ಮೂವರಿಗೆ ನೊಬೆಲ್ ತಂದಿತು.

ನನಗೆ ಜಾಸ್ತಿ ಇಷ್ಟವಾಗುವುದು ಇಕ್ವೋರಿನ್. 1967ರಲ್ಲಿ ಇದನ್ನು ಬಾರ್ನಕಲ್ ಎಂಬ ಸಮುದ್ರಜೀವಿಯ ಸ್ನಾಯುವಿನ ಎಳೆಗೆ ಚುಚ್ಚಿ, ಎದುರಿಗೆ ಪಿಎಂಟಿ ಇಟ್ಟರು. ಮೊದಲು ಬೆಳಕು ಬಂತು, ಆಮೇಲೆ ಸ್ನಾಯು ಸೆಟೆಯಿತು. ಸ್ನಾಯುವಿಗೆ ಅಪ್ಪಣೆ ಕೊಡುವುದು ಕ್ಯಾಲ್ಸಿಯಂ ಎಂಬುದನ್ನು ಕಣ್ಣಾರೆ ಕಂಡ ಹಾಗಾಯಿತು. ಇಂದಿಗೂ ಕಾನ್‌ಫೋಕಲ್ ಸೂಕ್ಷ್ಮದರ್ಶಕದಲ್ಲಿ ಲೇಸರ್ ಜೀವಕೋಶವನ್ನು ಚುಕ್ಕಿ ಚುಕ್ಕಿಯಾಗಿ ಸವರುವಾಗ ಅದರ ಮಿನುಗನ್ನು ಹಿಡಿಯುವುದು ಬಹಳ ಕಡೆ ಪಿಎಂಟಿಯೇ. ಶಿಮೊಮುರಾ ತಮ್ಮ ಕೆಲಸಕ್ಕೆ ಒಟ್ಟು ಸುಮಾರು 8,50,000 ಜೆಲ್ಲಿಫಿಶ್ ಹಿಡಿದಿದ್ದರು. ಆಮೇಲೆ ಜೀನ್ ಸಿಕ್ಕಿತು, ಪ್ರೋಟೀನನ್ನು ಬ್ಯಾಕ್ಟೀರಿಯಾದಲ್ಲೇ ಬೆಳೆಯುವಂತಾಯಿತು. ಇವತ್ತು ಅದಕ್ಕಾಗಿ ಸಮುದ್ರಕ್ಕೆ ಬಲೆ ಹಾಕಬೇಕಿಲ್ಲ.

ಮತ್ತೆ ನಂಜನಗೂಡಿಗೆ ಬರುತ್ತೇನೆ. 1925ರಲ್ಲಿ ಅಲ್ಲಿ ಹುಟ್ಟಿದ ಬಿ. ವಿ. ಶ್ರೀಕಂಠನ್ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಸೇರಿದರು. ಸಂಸ್ಥೆಯ ಸ್ಥಾಪಕ ಹೋಮಿ ಭಾಭಾ, ಶ್ರೀಕಂಠನ್ ಅವರನ್ನು 1950ರ ದಶಕದ ಆರಂಭದಲ್ಲಿ ಕೋಲಾರದ ಚಿನ್ನದ ಗಣಿಗೆ ಕಳಿಸಿದರು. ಆಳಕ್ಕೆ ಹೋದಂತೆ ಮ್ಯುವಾನ್ ಎಷ್ಟು ಕಡಿಮೆಯಾಗುತ್ತದೆ ಎಂದು ಅಳೆಯುವುದು ಕೆಲಸ. ಮುಂದೆ ಇನ್ನಷ್ಟು ಆಳದಲ್ಲಿ ತಂಡದವರು ಸುಮಾರು ಎರಡು ತಿಂಗಳು ಕಾದರೂ ಒಂದು ಮ್ಯುವಾನೂ ಸಿಗಲಿಲ್ಲ. ಬೇರೆಯವರಾಗಿದ್ದರೆ ಬೇಸರಪಡುತ್ತಿದ್ದರು. ಅವರಿಗೆ ಅನ್ನಿಸಿದ್ದು, ಇಷ್ಟು ನಿಶ್ಶಬ್ದವಾದ ಜಾಗದಲ್ಲಿ ನ್ಯೂಟ್ರಿನೊ ಕಾಣಬಹುದಲ್ಲ ಅಂತ.

1965ರಲ್ಲಿ ಕಂಡೇಬಿಟ್ಟಿತು. ಚಾಂಪಿಯನ್ ರೀಫ್ ಗಣಿಯಲ್ಲಿ ಸುಮಾರು 2.3 ಕಿಲೋಮೀಟರ್ ಆಳ. ಟಾಟಾ ಸಂಸ್ಥೆ, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರಂ, ಮೂರೂ ಕಡೆಯವರ ತಂಡ. ಗಾಳಿಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊದ ಗುರುತನ್ನು ಜಗತ್ತಿನಲ್ಲಿ ಮೊದಲು ಪ್ರಕಟಿಸಿದ್ದು ಇವರು. ಅದೇ ವರ್ಷ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲೂ ಇನ್ನೊಂದು ತಂಡ ಕಂಡಿತು. ಕೋಲಾರದವರು ಹುಡುಕಿದ್ದು ಅಡ್ಡಡ್ಡಲಾಗಿ ಬರುವ ಮ್ಯುವಾನನ್ನು. ಮೇಲಿನಿಂದ ಬಂದದ್ದು ಗಾಳಿಯಲ್ಲೇ ಹುಟ್ಟಿದ್ದಾಗಿರಬಹುದು. ಅಡ್ಡ ಬರಬೇಕಾದರೆ ಎಷ್ಟೋ ಕಿಲೋಮೀಟರ್ ಬಂಡೆ ದಾಟಬೇಕು. ಗಾಳಿಯಲ್ಲಿ ಹುಟ್ಟಿದ ಮ್ಯುವಾನಿಗೆ ಅದು ಆಗದು. ಬಂಡೆಯೊಳಗೇ ನ್ಯೂಟ್ರಿನೊ ಅದನ್ನು ಹುಟ್ಟಿಸಿರಬೇಕು. 2023ರ ಮ್ಯುವಾನಿನ ಬಗ್ಗೆ ಸಿಸಿಲಿಯವರು ಹೂಡಿದ ವಾದವೂ ಇದೇ. ಕೋಲಾರದ ಉಪಕರಣದಲ್ಲೂ ಪಿಎಂಟಿಗಳಿದ್ದವು, ಪ್ಲಾಸ್ಟಿಕ್ ಫಲಕದಲ್ಲಿ ಹೊಳೆಯುವ ಬೆಳಕನ್ನು ನೋಡಲು.

ಆಮೇಲೆ ನಮ್ಮ ಮೈಸೂರಿನಿಂದ ಊಟಿಗೆ ಹೋಗುವ ದಾರಿಯ ಕಡೆ, ಮಸಿನಗುಡಿ ಹತ್ತಿರದ ಸಿಂಗಾರದಲ್ಲಿ ಹೊಸ ನ್ಯೂಟ್ರಿನೊ ಕೇಂದ್ರ ಕಟ್ಟುವ ಯೋಚನೆ ಇತ್ತು. ಆನೆ, ಹುಲಿ ಓಡಾಡುವ ಕಾಡು ಎಂದು 2009ರಲ್ಲಿ ಪರಿಸರ ಸಚಿವಾಲಯ ಬೇಡ ಅಂದಿತು. ಅದು ಸರಿಯಾದ ಮಾತು ಎಂದೇ ನನ್ನ ಅಭಿಪ್ರಾಯ. ಕಾಡಿನ ಕಾರಣ ಕೊಡಿ, ಒಪ್ಪುತ್ತೇನೆ. ನ್ಯೂಟ್ರಿನೊದಿಂದ ಊರಿಗೆ ಕೇಡು ಎಂಬ ಕಾರಣ ಕೊಟ್ಟರೆ ಮಾತ್ರ ಒಪ್ಪಲಾರೆ.

ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಪಂಪುಗಳು ನಿಂತ ಮೇಲೆ ಸುರಂಗಗಳಲ್ಲಿ ನೀರು ತುಂಬಿಕೊಂಡಿತು. ನ್ಯೂಟ್ರಿನೊಗಳು ಅಲ್ಲೂ ಹಾದುಹೋಗುತ್ತಿವೆ. ಅಪರೂಪಕ್ಕೊಂದು ಬಂಡೆಗೆ ಬಡಿದು ಮ್ಯುವಾನ್ ಹುಟ್ಟಿಸುತ್ತದೆ. ಅದು ಆ ನೀರನ್ನು ಅಡ್ಡ ದಾಟುವಾಗ ಎರಡು ಕಿಲೋಮೀಟರ್ ಕೆಳಗೆ, ಕಡುಕತ್ತಲಲ್ಲಿ, ಒಂದು ನೀಲಿ ಬೆಳಕು ಮಿಂಚಿ ಹೋಗುತ್ತದೆ. ಅದನ್ನು ನೋಡಲು ಈಗ ಅಲ್ಲಿ ಒಂದೂ ಬುರುಡೆ ಇಲ್ಲ.