ಸಿಂಗಲ್ ಮಾಲ್ಟ್: ಇಲ್ಲಿ ‘ಸಿಂಗಲ್’ ಆಗಿರುವುದು ಯಾವುದು?

ಸಿಂಗಲ್ ಮಾಲ್ಟ್ ಎಂದರೆ ಒಂದೇ ಪೀಪಾಯಿಯಿಂದ ತುಂಬಿಸಿದ ವಿಸ್ಕಿ ಎಂದು ತುಂಬಾ ಜನ ಅಂದುಕೊಂಡಿರುತ್ತಾರೆ. ಹಾಗಲ್ಲ. ‘ಸಿಂಗಲ್’ ಎನ್ನುವುದು ಡಿಸ್ಟಿಲರಿಯ, ಅಂದರೆ ವಿಸ್ಕಿ ಬಟ್ಟಿ ಇಳಿಸುವ ಕಾರ್ಖಾನೆಯ ಲೆಕ್ಕ. ಮಾಲ್ಟ್ ಎಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ. ಬರೀ ಆ ಬಾರ್ಲಿಯಿಂದ, ಒಂದೇ ಡಿಸ್ಟಿಲರಿಯಲ್ಲಿ ಬಟ್ಟಿ ಇಳಿಸಿದ್ದು ಸಿಂಗಲ್ ಮಾಲ್ಟ್. ಅದೇ ಡಿಸ್ಟಿಲರಿಯ ಹತ್ತಾರು ಪೀಪಾಯಿಗಳನ್ನು ಬೆರೆಸಿದರೂ ಹೆಸರು ಬದಲಾಗುವುದಿಲ್ಲ. ಬಾಟಲಿಯ ಮೇಲೆ 12 ವರ್ಷ ಎಂದಿದ್ದರೆ, ಬೆರೆಸಿದ್ದರಲ್ಲಿ ತೀರಾ ಎಳೆಯದಕ್ಕೂ 12 ತುಂಬಿದೆ ಎಂದರ್ಥ.

ಬೇರೆ ಡಿಸ್ಟಿಲರಿಗಳ ಸರಕು ಸೇರುವುದಿಲ್ಲವಲ್ಲ, ಹಾಗಾಗಿ ಆ ಜಾಗದ ರೂಢಿ ನಾಲಿಗೆಗೆ ನೇರವಾಗಿ ಸಿಗುತ್ತದೆ. ಮಜಾ ಇರುವುದೇ ಇಲ್ಲಿ. ಸ್ಕಾಟ್ಲೆಂಡಿನ ವಿಸ್ಕಿಗೆ 2009ರ ನಿಯಮಗಳು ಐದು ಸೀಮೆಗಳನ್ನು ಹೆಸರಿಸುತ್ತವೆ: ಹೈಲ್ಯಾಂಡ್, ಲೋಲ್ಯಾಂಡ್, ಸ್ಪೇಸೈಡ್, ಐಲಾ, ಕ್ಯಾಂಪ್‌ಬೆಲ್‌ಟೌನ್. ಎಲ್ಲಿಯದೇ ಆಗಲಿ, ಓಕ್ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಕೂರಲೇಬೇಕು.

ಐಲಾ ಒಂದು ದ್ವೀಪ. ಅಲ್ಲಿ ಮರ ಕಡಿಮೆ, ಪೀಟ್ ಜಾಸ್ತಿ. ಪೀಟ್ ಎಂದರೆ ಜೌಗು ನೆಲದಲ್ಲಿ ಸಾವಿರಾರು ವರ್ಷ ಅರೆಬರೆ ಕೊಳೆತ ಪಾಚಿ, ಗಿಡಗಂಟಿ. ಅದನ್ನು ಹೆಂಟೆಯಂತೆ ಕಡಿದು, ಒಣಗಿಸಿ ಉರಿಸುತ್ತಾರೆ. ಮೊಳಕೆ ಬಂದ ಒದ್ದೆ ಬಾರ್ಲಿಯನ್ನು ಆ ಬೆಂಕಿಯ ಮೇಲೆ ಒಣಗಿಸಿದಾಗ ಹೊಗೆ ಕಾಳಿಗೆ ಹತ್ತಿಕೊಳ್ಳುತ್ತದೆ. ಆಮೇಲೆ ಬಟ್ಟಿ ಇಳಿಸಿದರೂ, ವರ್ಷಗಟ್ಟಲೆ ಪೀಪಾಯಿಯಲ್ಲಿಟ್ಟರೂ ಹೋಗುವುದಿಲ್ಲ. ಐಲಾದ ವಿಸ್ಕಿಗಳಾದ ಲಾಫ್ರೋಯ್ಗ್, ಆರ್ಡ್‌ಬೆಗ್ ಮೂಸಿದರೆ ಹೊಗೆಯ ಜೊತೆ ಅಯೋಡಿನ್, ಗಾಯದ ಬ್ಯಾಂಡೇಜಿನ ನೆನಪು ಬರುತ್ತದೆ. ದುಡ್ಡು ಕೊಟ್ಟು ಇದನ್ನು ಯಾರು ಕುಡಿಯುತ್ತಾರೆ ಅನ್ನಿಸಬಹುದು. ಒಮ್ಮೆ ರುಚಿ ಹತ್ತಿದವರು ಮಾತ್ರ ಬೇರೆಯದನ್ನು ಸಪ್ಪೆ ಅನ್ನುತ್ತಾರೆ!

ಸ್ಪೇಸೈಡಿನದು ಸಾಮಾನ್ಯವಾಗಿ ಹಣ್ಣಿನ, ಜೇನಿನ ಘಮ. ಲೋಲ್ಯಾಂಡಿನದು ಹಗುರ, ಅಲ್ಲಿನ ಆಕೆಂಟೋಷನ್ ಡಿಸ್ಟಿಲರಿಯಲ್ಲಿ ಮಾಮೂಲಿ ಎರಡರ ಬದಲು ಮೂರು ಸಲ ಬಟ್ಟಿ ಇಳಿಸುತ್ತಾರೆ. ಕ್ಯಾಂಪ್‌ಬೆಲ್‌ಟೌನ್ ಕಥೆ ಸ್ವಲ್ಪ ಬೇಸರದ್ದು. 19ನೇ ಶತಮಾನದಲ್ಲಿ ಆ ಪುಟ್ಟ ಊರಲ್ಲಿ ಇಪ್ಪತ್ತಕ್ಕೂ ಹೆಚ್ಚು ಡಿಸ್ಟಿಲರಿಗಳಿದ್ದವು. 1930ರ ದಶಕ ಮುಗಿಯುವಾಗ ಉಳಿದದ್ದು ಎರಡೇ, ಸ್ಪ್ರಿಂಗ್‌ಬ್ಯಾಂಕ್ ಮತ್ತು ಗ್ಲೆನ್ ಸ್ಕೋಷಿಯಾ. ಮುಚ್ಚಿಹೋಗಿದ್ದ ಗ್ಲೆನ್‌ಗೈಲ್ ಮತ್ತೆ ಒಲೆ ಹೊತ್ತಿಸಿದ್ದು 2004ರಲ್ಲಿ.

ಹಾಗಂತ ಸೀಮೆಯ ಹೆಸರು ನೋಡಿ ಸುಮ್ನೆ ರುಚಿ ಊಹಿಸಬೇಡಿ. ನಿಯಮ ಹೇಳುವುದು ಎಲ್ಲಿ ಬಟ್ಟಿ ಇಳಿಸಿದ್ದು ಎಂದಷ್ಟೇ, ಹೊಗೆ ಇರಬೇಕೋ ಬೇಡವೋ ಎಂದಲ್ಲ. ಬುನ್ನಹಾವನ್ ಡಿಸ್ಟಿಲರಿ ಇರುವುದು ಐಲಾದಲ್ಲೇ, ಆದರೆ ಅವರ ಹೆಸರಾದ 12 ವರ್ಷದ ವಿಸ್ಕಿಯಲ್ಲಿ ಪೀಟ್ ಹೊಗೆ ಇಲ್ಲವೆನ್ನುವಷ್ಟು ಕಡಿಮೆ. ಅತ್ತ ಸ್ಪೇಸೈಡಿನ ಬೆನ್‌ರಿಯಾಕ್, ಹೊಗೆ ಹಿಡಿಸಿದ ವಿಸ್ಕಿಯನ್ನೂ ಮಾಡುತ್ತದೆ.