ಕಾರಕೂನನ ಕಿವಿಗೆ ಬಿದ್ದ ಹೆಸರು

"ಎಲ್ಲ ಕಡೆ ಹುಡುಕಿದೆವು, ಅಜ್ಜನ ಹೆಸರೇ ಇಲ್ಲ. ಯುದ್ಧದಲ್ಲಿ ಅವರು ಹೇಳಿಕೊಳ್ಳುವಂಥದ್ದೇನೂ ಮಾಡಿರಲಿಕ್ಕಿಲ್ಲ ಬಿಡಿ."

ತಿಂಗಳಿಗೆ ಒಮ್ಮೆಯಾದರೂ ಈ ಮಾತು ನನ್ನ ಕಿವಿಗೆ ಬೀಳುತ್ತದೆ, ಪ್ರತಿ ಸಲವೂ ಹೊಟ್ಟೆ ಉರಿಯುತ್ತದೆ. ಎಂಬತ್ತರ ದಶಕದಲ್ಲಿ ನಾನು ತಾಷ್ಕೆಂಟಿನಲ್ಲಿ ಓದಿದವನು. ರಷ್ಯನ್ ದಾಖಲೆಗಳ ಅನುವಾದವೇ ಹೊಟ್ಟೆಪಾಡು. ಹಾಸ್ಟೆಲಿನಲ್ಲಿ ಜೊತೆಗಿದ್ದವರು, ಅವರ ಮಕ್ಕಳು, ಆ ಮಕ್ಕಳ ನೆಂಟರು, ಹೀಗೆ ಉಜ್ಬೆಕ್ ಕುಟುಂಬಗಳು ಅಜ್ಜ ಮುತ್ತಜ್ಜಂದಿರ ಪದಕಗಳ ಫೋಟೊ ಕಳಿಸಿ "ಇದು ಯಾಕೆ ಸಿಕ್ಕಿತು, ನೋಡಿ ಹೇಳಿ" ಎನ್ನುತ್ತಾರೆ. ಎರಡನೆಯ ಮಹಾಯುದ್ಧಕ್ಕೆ, ಆಗ ಸೋವಿಯತ್ ಒಕ್ಕೂಟದ ಭಾಗವಾಗಿದ್ದ ಉಜ್ಬೆಕಿಸ್ತಾನದಿಂದ ಸೋವಿಯತ್ ಸೇನೆ ಸೇರಿ ಹೋದವರು ಸುಮಾರು ಹದಿನೈದು ಲಕ್ಷ ಮಂದಿ. ಅಷ್ಟು ಜನರ ಕಾಗದಪತ್ರ ಮಾಸ್ಕೋ ಹತ್ತಿರದ ಪೊದೋಲ್ಸ್ಕ್ ಊರಿನ ರಕ್ಷಣಾ ಇಲಾಖೆಯ ಕೇಂದ್ರ ದಾಖಲೆಗಾರದಲ್ಲಿದೆ. ಅದರಲ್ಲಿ ಬಹಳಷ್ಟು ಸ್ಕ್ಯಾನ್ ಆಗಿ, 2010ರಲ್ಲಿ ಬಂದ ‘ಪೊದ್ವಿಗ್ ನರೋದ’ (ಜನರ ಸಾಹಸ) ಮತ್ತು 2015ರಲ್ಲಿ ಬಂದ ‘ಪಾಮ್ಯತ್ ನರೋದ’ (ಜನರ ನೆನಪು) ಎಂಬ ಜಾಲತಾಣಗಳಲ್ಲಿ ಉಚಿತವಾಗಿ ಸಿಗುತ್ತದೆ. ಹುಡುಕುವುದು ಹೇಗೆಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಯಾವ ಹೆಸರನ್ನು ಹುಡುಕಬೇಕು ಅನ್ನುವುದನ್ನು ಮಾತ್ರ ಹೇಳಿ ಹೇಳಿ ನನಗೆ ಸಾಕಾಗಿದೆ.

ನಿಮ್ಮ ಅಜ್ಜನ ಹೆಸರು ದಾಖಲೆಯಲ್ಲಿ ಇಲ್ಲ. ಅವರು ಹೆಸರು ಹೇಳಿದಾಗ ಒಬ್ಬ ರಷ್ಯನ್ ಕಾರಕೂನನ ಕಿವಿಗೆ ಏನು ಕೇಳಿಸಿತೋ ಅದು ಇದೆ.

ಉಜ್ಬೆಕ್ ಭಾಷೆಯನ್ನು ರಷ್ಯನ್ ಲಿಪಿಯಲ್ಲಿ ಬರೆಯುವಾಗ ರಷ್ಯನ್‌ನಲ್ಲಿ ಇಲ್ಲದ ನಾಲ್ಕು ಅಕ್ಷರ ಹೆಚ್ಚಿಗೆ ಬೇಕಾಗುತ್ತವೆ. ರೆಜಿಮೆಂಟಿನ ಟೈಪ್‌ರೈಟರಿನಲ್ಲಿ ಆ ನಾಲ್ಕು ಕೀಲಿಗಳೇ ಇರಲಿಲ್ಲ. ಗಂಟಲಿನ ಆಳದಿಂದ ಬರುವ ‘ಕ’ಕಾರ ಬರೀ ‘ಕ’ ಆಯಿತು, ದುಂಡನೆಯ ‘ಒ’ ಒಮ್ಮೆ ‘ಉ’, ಒಮ್ಮೆ ‘ಒ’, ಒಮ್ಮೆ ‘ಅ’ ಆಯಿತು, ‘ಹ’ ಕೆಲವೊಮ್ಮೆ ‘ಖ’ ಆಯಿತು, ಕೆಲವೊಮ್ಮೆ ಉದುರಿಯೇ ಹೋಯಿತು. ಇವೆಲ್ಲ ಸಣ್ಣ ಪೆಟ್ಟುಗಳು. ದೊಡ್ಡ ಪೆಟ್ಟು ‘ಜ’ಕಾರದ್ದು. ಉಜ್ಬೆಕ್ ‘ಜ’ವನ್ನು ಒಬ್ಬ ಕಾರಕೂನ ‘ಝೆ’ ಎಂಬ ಒಂದೇ ಅಕ್ಷರದಲ್ಲಿ ಬರೆದ. ಇನ್ನೊಬ್ಬ ‘ದೆ’ ಮತ್ತು ‘ಝೆ’ ಎರಡನ್ನೂ ಕೂಡಿಸಿ ‘ದ್ಝ’ ಎಂದು ಬರೆದ. ಜೊರಾ ಎಂಬ ಹೆಸರು ಒಂದು ಕಡೆ ಝುರಾ ಆಯಿತು, ಇನ್ನೊಂದು ಕಡೆ ದ್ಝುರಾ. ಅಕಾರಾದಿಯಲ್ಲಿ ಇವೆರಡೂ ಬೇರೆ ಬೇರೆ ಪೆಟ್ಟಿಗೆ ಸೇರಿದವು. ಒಂದನ್ನು ಹುಡುಕುವವನಿಗೆ ಇನ್ನೊಂದು ಕಣ್ಣಿಗೇ ಬೀಳುವುದಿಲ್ಲ.

ಸೈನಿಕನೇ ತಿದ್ದಬಹುದಿತ್ತಲ್ಲ ಎಂದು ಕೇಳುತ್ತಾರೆ. ಹೇಗೆ ತಿದ್ದಿಯಾನು? 1922ರಲ್ಲಿ ಹುಟ್ಟಿದ ಹುಡುಗನ ಅಪ್ಪ ಓದಿದ್ದು ಅರಬ್ಬಿ ಲಿಪಿಯಲ್ಲಿ. ಇವನು ಶಾಲೆಗೆ ಹೋಗುವ ಹೊತ್ತಿಗೆ ಲ್ಯಾಟಿನ್ ಬಂದಿತ್ತು. 1940ರಲ್ಲಿ ಅದನ್ನೂ ಬಿಡಿಸಿ ರಷ್ಯನ್ ಲಿಪಿ ತಂದರು. ಮರುವರ್ಷವೇ ಯುದ್ಧ. ರಷ್ಯನ್ ಮಾತೇ ಸರಿಯಾಗಿ ಬಾರದ ಹುಡುಗ ಕಾರಕೂನ ಬರೆದದ್ದನ್ನು ಓದಿ ತಪ್ಪು ತೋರಿಸಬೇಕಿತ್ತು ಎನ್ನುವುದು ನ್ಯಾಯವಲ್ಲ.

ಇನ್ನು ಮನೆತನದ ಹೆಸರು. ಆ ಕಾಲದ ಹಳ್ಳಿಗಳಲ್ಲಿ ಅದು ಎಲ್ಲರಿಗೂ ಗಟ್ಟಿಯಾಗಿ ಅಂಟಿರಲಿಲ್ಲ. "ಫಮೀಲಿಯಾ?" ಎಂದು ಕೇಳಿದರೆ ಒಬ್ಬ ಅಪ್ಪನ ಹೆಸರು ಹೇಳಿದ, ಇನ್ನೊಬ್ಬ ಅಜ್ಜನದ್ದು ಹೇಳಿದ, ಮತ್ತೊಬ್ಬ ಪ್ರಶ್ನೆಯೇ ಅರ್ಥವಾಗದೆ ತನ್ನದೇ ಹೆಸರು ಹೇಳಿದ. ಒಡಹುಟ್ಟಿದ ಅಣ್ಣತಮ್ಮಂದಿರು ಎರಡು ಮನೆತನದ ಹೆಸರು ಹೊತ್ತು ಹೋದದ್ದುಂಟು. ನಮ್ಮವರಿಗೆ ಇದು ಅರ್ಥವಾಗಬೇಕು. ಪಾಸ್‌ಪೋರ್ಟ್ ಅರ್ಜಿಯಲ್ಲಿ ‘ಸರ್‌ನೇಮ್’ ಕಾಲಂ ಎದುರು ಕೂತು ಇನಿಷಿಯಲ್ ಬಿಡಿಸಿ ಬರೆಯಲೋ, ಊರಿನ ಹೆಸರು ಹಾಕಲೋ, ಅಪ್ಪನದ್ದೋ ಎಂದು ಒದ್ದಾಡದ ಕನ್ನಡಿಗ ಯಾರಿದ್ದಾನೆ?

ಒಂದು ಪ್ರಸಂಗ ಹೇಳುತ್ತೇನೆ. ಉಜ್ಬೆಕಿಸ್ತಾನದ ಫರ್ಗಾನಾ ಕಣಿವೆಯ ಕೋಕಂದ್ ಊರಿನ ಕಡೆಯ ಒಬ್ಬ ಹೆಣ್ಣುಮಗಳು, ಶಾಲಾ ಶಿಕ್ಷಕಿ, ಅಜ್ಜನ ಗಂಟನ್ನು ಬಿಚ್ಚಿ ಫೋಟೊ ಕಳಿಸಿದ್ದಳು. ಗಂಟು ಅಂದರೆ ಅಜ್ಜ ಸೊಂಟಕ್ಕೆ ಕಟ್ಟುತ್ತಿದ್ದ ಕಸೂತಿಯ ಬೆಲ್ಬೊಗ್ ವಸ್ತ್ರ, ಮಡಿಕೆಗಳಲ್ಲಿ ಬಣ್ಣ ಹೋಗಿತ್ತು. ಒಳಗೆ ಎರಡು ವಸ್ತು. ಒಂದು ‘ಜರ್ಮನಿಯ ಮೇಲಿನ ವಿಜಯಕ್ಕಾಗಿ’ ಎಂಬ ಪದಕ. 1945ರ ಮೇ 9ರಂದು ಸ್ಥಾಪಿಸಿದ ಇದನ್ನು ಕೋಟಿಗೂ ಮೀರಿ ಹಂಚಿದ್ದಾರೆ, ಇದರಲ್ಲಿ ನಂಬರು ಇರುವುದಿಲ್ಲ. ಇನ್ನೊಂದು ಹೊಳೆಹೊಳೆಯುವ ದೇಶರಕ್ಷಣಾ ಯುದ್ಧದ ಆರ್ಡರ್ (ಪದಕಕ್ಕಿಂತ ಮೇಲಿನ ಗೌರವ), ಮೊದಲ ದರ್ಜೆಯದು. ಮನೆಯವರಿಗೆ ಅದೇ ದೊಡ್ಡ ಬಹುಮಾನ. ತಾಣದಲ್ಲಿ ತಮ್ಮ ಕಾಗುಣಿತದಲ್ಲೇ ಹುಡುಕಿದಾಗ ಅದರ ಕಾರ್ಡ್ ಸಿಕ್ಕಿತ್ತು, 1985ರದ್ದು. ವಿಜಯದ ನಲವತ್ತನೇ ವರ್ಷಕ್ಕೆ ಬದುಕಿದ್ದ ಮಾಜಿ ಸೈನಿಕರಿಗೆಲ್ಲ ಕೊಟ್ಟದ್ದು ಅದು. ಆ ಕಾರ್ಡಿನಲ್ಲಿ ಹೆಸರು ಸರಿಯಾಗಿಯೇ ಇತ್ತು, ಏಕೆಂದರೆ 1985ರ ಹೊತ್ತಿಗೆ ಅಜ್ಜನಿಗೆ ಪಾಸ್‌ಪೋರ್ಟ್, ಅಂದರೆ ಸೋವಿಯತ್ ಗುರುತಿನ ಪುಸ್ತಕ, ಬಂದು ಹೆಸರು ನೆಲೆಗೊಂಡಿತ್ತು. ಬೇರೇನೂ ಸಿಗಲಿಲ್ಲವಾದ್ದರಿಂದ ಹುಡುಕಾಟ ಅಲ್ಲಿಗೇ ನಿಂತಿತ್ತು.

ಆದರೆ ಆ ಮೊದಲ ದರ್ಜೆಯೇ ಬೇರೆ ಮಾತು ಹೇಳುತ್ತಿತ್ತು. 1985ರಲ್ಲಿ ಸಾಮಾನ್ಯವಾಗಿ ಎಲ್ಲರಿಗೂ ಕೊಟ್ಟದ್ದು ಎರಡನೇ ದರ್ಜೆ. ಮೊದಲ ದರ್ಜೆ ಸಿಕ್ಕಿದ್ದು ಕದನದಲ್ಲಿ ಗಾಯಗೊಂಡವರಿಗೆ, ಇಲ್ಲವೇ ಯುದ್ಧಕಾಲದಲ್ಲೇ ಯಾವುದಾದರೂ ಆರ್ಡರ್ ಅಥವಾ ‘ಜಾ ಒತ್ವಾಗು’ದಂಥ ಪದಕ ಪಡೆದವರಿಗೆ. ‘ಜಾ ಒತ್ವಾಗು’ ಅಂದರೆ ‘ಎದೆಗಾರಿಕೆಗೆ’. 1938ರಿಂದ ಇದ್ದ ಬೆಳ್ಳಿ ಪದಕ, ಮೇಲೆ ಮೂರು ವಿಮಾನ, ಕೆಳಗೆ ಒಂದು ಟ್ಯಾಂಕ್. "ಅಜ್ಜನ ಮೈಮೇಲೆ ಗಾಯದ ಗುರುತಿತ್ತೇ?" ಎಂದು ಕೇಳಿದೆ. ಇಲ್ಲ ಎಂದಳು. "ಯುದ್ಧದಲ್ಲಿ ಏನು ಮಾಡುತ್ತಿದ್ದರಂತೆ?" "ಏನಿಲ್ಲ, ತಂತಿ ಹೊರುತ್ತಿದ್ದೆ ಅನ್ನುತ್ತಿದ್ದರು."

ಅವರ ನಿಜವಾದ ಹೆಸರನ್ನು ಇಲ್ಲಿ ಬರೆಯಲಾರೆ. ಅದೇ ಬಗೆಯ ತೊಖ್ತಸಿನ್ ಎಂಬ ಹೆಸರಿಟ್ಟುಕೊಂಡು ಹೇಳುತ್ತೇನೆ, ಅಪ್ಪನ ಹೆಸರು ಜೊರಾ ಎಂದುಕೊಳ್ಳಿ. ತೊಖ್ತಸಿನ್ ಅಂದರೆ ‘ನಿಲ್ಲಲಿ’. ಹುಟ್ಟಿದ ಕೂಸುಗಳೆಲ್ಲ ಕೈಬಿಟ್ಟು ಹೋದ ಮನೆಯಲ್ಲಿ ಇದಾದರೂ ಉಳಿಯಲಿ ಎಂದು ಇಡುವ ಹೆಸರು. ತುರ್ಸುನ್ ಎಂಬುದೂ ಹಾಗೆಯೇ. ನಮ್ಮಲ್ಲಿ ಮಗುವನ್ನು ತಿಪ್ಪೆಯಲ್ಲಿ ಹೊರಳಿಸಿ ತಿಪ್ಪ ಎಂದು ಕರೆಯುತ್ತಿದ್ದರಲ್ಲ, ಆ ತಾಯಂದಿರ ಸಂಕಟವೇ ಅಲ್ಲಿಯೂ. ಹಾಗೆ ಹೆಸರಿಟ್ಟು ಉಳಿಸಿಕೊಂಡ ಮಗನನ್ನೇ ಯುದ್ಧಕ್ಕೆ ಕಳಿಸಿದ ತಾಯಿ ಅವಳು.

ಹೆಸರಿನ ಕಾಲಂನಲ್ಲಿ ಮೊದಲ ಎರಡು ಮೂರು ಅಕ್ಷರ ಮಾತ್ರ ಹಾಕಿ, ಹುಟ್ಟಿದ ವರ್ಷ ಮತ್ತು ಸೇನೆಗೆ ಸೇರಿಸಿಕೊಂಡ ಜಿಲ್ಲಾ ಕಚೇರಿಯನ್ನು ಕೊಟ್ಟು, ಸ್ವರಗಳನ್ನು ಬದಲಿಸುತ್ತ ಹೋದೆ. ತುಖ್ತ, ತೊಖ್ತ, ತಖ್ತ. ಝುರಾ, ದ್ಝುರಾ, ದ್ಯುರಾ. ನಾಲ್ಕು ಸಂಜೆ ಹಿಡಿಯಿತು. ಕೊನೆಗೆ ಸಿಕ್ಕಿದ್ದು ತಲೆಕೆಳಗಾಗಿ: ಮನೆತನದ ಹೆಸರು ತುಖ್ತಸಿನೊವ್, ಸ್ವಂತ ಹೆಸರು ದ್ಝುರಾ. ಮಗನ ಹೆಸರು ಮನೆತನವಾಗಿತ್ತು, ಅಪ್ಪನ ಹೆಸರು ಮಗನಿಗೆ ಬಂದಿತ್ತು.

ಅದು ‘ಜಾ ಒತ್ವಾಗು’ ಪದಕ ಕೊಟ್ಟ ರೆಜಿಮೆಂಟಿನ ಆಜ್ಞಾಪತ್ರ. 1942ರ ನವೆಂಬರಿನ ನಂತರ ಈ ಪದಕ ಕೊಡುವ ಅಧಿಕಾರ ರೆಜಿಮೆಂಟಿನ ಕಮಾಂಡರನಿಗೇ ಇತ್ತು. ಹಾಗಾಗಿ ಎಷ್ಟೋ ಸಲ ಪ್ರತ್ಯೇಕ ಶಿಫಾರಸು ಹಾಳೆ ಇರುವುದಿಲ್ಲ, ಆಜ್ಞೆಯಲ್ಲೇ ಒಬ್ಬೊಬ್ಬರಿಗೆ ಒಂದು ಸಾಲು, ಎರಡು ಸಾಲು. ನೇರಳೆ ಶಾಯಿ, ಅಂಚಿನವರೆಗೂ ಒತ್ತೊತ್ತಾಗಿ ಟೈಪ್ ಮಾಡಿದ ಹಾಳೆ, ‘ಓ’ ಅಕ್ಷರ ಬಿದ್ದಲ್ಲೆಲ್ಲ ಸಣ್ಣ ತೂತು. ಡ್ನೀಪರ್ ನದಿ ದಾಟುವ ಕಾಳಗದಲ್ಲಿ ಟೆಲಿಫೋನ್ ತಂತಿಯ ಈ ಸಿಪಾಯಿ ಶತ್ರುವಿನ ಗುಂಡಿನ ಸುರಿಮಳೆಯ ನಡುವೆ ಹನ್ನೊಂದು ಕಡೆ ತುಂಡಾದ ತಂತಿಯನ್ನು ಜೋಡಿಸಿದ ಎಂದಿತ್ತು. 1922ರಲ್ಲಿ ಜನನ, ಉಜ್ಬೆಕ್, ಕೋಕಂದ್ ಕಚೇರಿಯಿಂದ ಸೇರ್ಪಡೆ.

ಇಷ್ಟಾದರೂ ನಾನು ತಕ್ಷಣ "ಇವರೇ" ಎನ್ನಲಿಲ್ಲ. ಒಂದೇ ಹೆಸರಿನವರು ಆ ಕಣಿವೆಯಲ್ಲಿ ಬೇಕಾದಷ್ಟಿದ್ದಾರೆ, ಹುಟ್ಟಿದ ವರ್ಷವನ್ನೂ ಅಂದಾಜಿಗೆ ಬರೆಯುತ್ತಿದ್ದ ಕಾಲ ಅದು. ಕನಿಷ್ಠ ಮೂರು ಗುರುತು ಬೇರೆ ಬೇರೆ ಕಾಗದದಿಂದ ಬಂದು ಕೂಡಬೇಕು ಎನ್ನುವುದು ನನ್ನ ಪದ್ಧತಿ. ಪದಕದ ಲೆಕ್ಕದ ಕಾರ್ಡು ಸಿಕ್ಕಿತು, ಅದರಲ್ಲಿ ಹಳ್ಳಿಯ ಹೆಸರಿತ್ತು. ಆಮೇಲೆ ಒಪ್ಪಿದೆ. ಫೋನಿನಲ್ಲಿ ಆ ಎರಡು ಸಾಲನ್ನು ಉಜ್ಬೆಕಿಗೆ ತಿರುಗಿಸಿ ಓದಿದಾಗ ಆಚೆ ಬದಿಯಲ್ಲಿ ಅವಳ ತಾಯಿ "ತಂತಿ, ತಂತಿ" ಎಂದು ಎರಡು ಸಲ ಹೇಳಿದ್ದು ಕೇಳಿಸಿತು. ಪದಕ ಎಲ್ಲಿ ಹೋಯಿತೋ ಮನೆಯವರಿಗೆ ಗೊತ್ತಿಲ್ಲ. ಗಾಯಾಳುವಾಗಿಯೋ ವರ್ಗವಾಗಿಯೋ ಬೇರೆ ದಳಕ್ಕೆ ಹೋದವರ ಕೈಗೆ ಪದಕ ತಲುಪದೇ ಉಳಿದ ಉದಾಹರಣೆಗಳೂ ಇವೆ, ಹಾಗಾಗಿ ಮಾರಿದರು, ಕಳೆದರು ಎಂದು ಯಾರನ್ನೂ ದೂರಬೇಡಿ ಎಂದು ಹೇಳಿದೆ.

ಸಮರ್ಕಂದದಲ್ಲಿ ವೈದ್ಯಕೀಯ ಓದುವ ನಮ್ಮ ಹುಡುಗರಿಗೂ ಒಂದು ಮಾತು. ಸಂತೆಯಲ್ಲಿ ಕೊಂಡ ಕೆಂಪು ನಕ್ಷತ್ರದ ಆರ್ಡರನ್ನು ತಂದು "ಹಿಂದೆ ನಂಬರಿದೆ, ಯಾರದ್ದು ಹೇಳಿ" ಎನ್ನುತ್ತಾರೆ. ನಂಬರಿನಿಂದ ಹೆಸರಿಗೆ ಹೋಗುವುದು ಮನೆಯಲ್ಲಿ ಕೂತು ಆಗುವ ಕೆಲಸವಲ್ಲ, ದಾಖಲೆಗಾರದೊಳಗೇ ಆಗಬೇಕು. 1944ರ ನಂತರ ಹಲವು ವರ್ಷ ಆ ಆರ್ಡರನ್ನು ಹದಿನೈದು ವರ್ಷದ ಸೇವೆಗೂ ಕೊಟ್ಟದ್ದಿದೆ, ಹಾಗಾಗಿ ಕಾಗದ ನೋಡದೆ ಶೌರ್ಯದ ಕಥೆ ಕಟ್ಟಬೇಡಿ. ರಷ್ಯಾದಲ್ಲಿ ಇಂಥವನ್ನು ಕೊಳ್ಳುವುದು, ಮಾರುವುದು ಅಪರಾಧ. ದಯವಿಟ್ಟು ಕೊಳ್ಳಬೇಡಿ, ಅದು ಯಾರದೋ ಮನೆಯದು.

ಕುಟುಂಬದವರು ನನಗೆ ಬರೆಯುವ ಮುನ್ನ ಮನೆಯಲ್ಲಿರುವ ಅತಿ ಹಳೆಯ ಕಾಗದ ಹುಡುಕಲಿ. ಪದಕದ ತಾತ್ಕಾಲಿಕ ಪ್ರಮಾಣಪತ್ರ, ಆರ್ಡರ್ ಪುಸ್ತಕ, ಕೆಂಪುಸೇನೆಯ ಸಿಪಾಯಿ ಪುಸ್ತಕ, ಯಾವುದಾದರೂ ಆದೀತು. ಅದರಲ್ಲಿ ಹೆಸರು ತಪ್ಪಾಗಿದ್ದರೆ ಸಂತೋಷಪಡಿ, ಅದನ್ನು ತಿದ್ದದೆ ಹಾಗೇ ಕಳಿಸಿ. ಅಜ್ಜನ ಅಪ್ಪ, ಅಜ್ಜನ ಅಜ್ಜ, ಹಳ್ಳಿಯ ಹಳೆಯ ಹೆಸರು, ಎಲ್ಲವನ್ನೂ ಬರೆಯಿರಿ. ಈಗಿನ ಲ್ಯಾಟಿನ್ ಕಾಗುಣಿತ ನನಗೆ ಬೇಡ. ಬಾಯಲ್ಲಿ ಹೇಗೆ ಕರೆಯುತ್ತಿದ್ದರೋ ಅದನ್ನು ಫೋನಿನಲ್ಲಿ ಹೇಳಿ ಕಳಿಸಿ. ಆ ಕಾರಕೂನನಂತೆ ನಾನೂ ಮೊದಲು ಕಿವಿಯಿಂದ ಕೇಳಬೇಕು.

ಕೋಕಂದಿನ ಶಿಕ್ಷಕಿ ಈಗ ಅಜ್ಜನ ತಮ್ಮನನ್ನು ಹುಡುಕಿಕೊಡಿ ಎಂದಿದ್ದಾಳೆ. 1943ರಲ್ಲಿ ಹೋದವನು, ಒಂದು ಕಾಗದ ಬಂದಿತ್ತಂತೆ, ಆಮೇಲೆ ಇಲ್ಲ. ಯುದ್ಧ ಮುಗಿದ ಮೇಲೆ ಅಧಿಕಾರಿಗಳು ಮನೆಮನೆಗೆ ಹೋಗಿ ಮರಳದವರ ಪಟ್ಟಿ ಮಾಡಿದ್ದರು. ಅಂಥ ಪಟ್ಟಿಗಳಲ್ಲಿ ತಾಯಿಯದೋ ಮನೆಯ ಇನ್ನೊಬ್ಬರದೋ ಹೆಸರು, ಕೊನೆಯ ಕಾಗದ ಬಂದ ತಿಂಗಳು ಎರಡೂ ಸಾಮಾನ್ಯವಾಗಿ ಇರುತ್ತವೆ. ಆ ಜಿಲ್ಲೆಯ ‘ಝೆ’ ಅಕ್ಷರದವರನ್ನೆಲ್ಲ ನೋಡಿ ಮುಗಿಸಿದೆ, ಅವನಿಲ್ಲ. ನಿನ್ನೆ ‘ದೆ’ ಶುರು ಮಾಡಿದ್ದೇನೆ.