ದೀಪ ಹತ್ತಿಲ್ಲ ಎಂದ ಮಾತ್ರಕ್ಕೆ ಪ್ಯಾಡ್ ಇದೆ ಎಂದಲ್ಲ

ಕಾರಿನ ಬ್ರೇಕ್ ಪ್ಯಾಡ್, ಅಂದರೆ ಚಕ್ರದ ಜೊತೆ ತಿರುಗುವ ಡಿಸ್ಕನ್ನು ಒತ್ತಿ ನಿಲ್ಲಿಸುವ ತುಂಡು, ಎಷ್ಟು ಸಾವಿರ ಕಿಲೋಮೀಟರಿಗೆ ಬದಲಿಸಬೇಕು ಎಂದು ಗ್ಯಾರೇಜಿಗೆ ಬಂದವರು ಮೊದಲು ಕೇಳುತ್ತಾರೆ. ಬೆಂಗಳೂರಿನ ಕಾರಿಗೆ ಮೀಟರ್ ನೋಡಿ ಆ ಲೆಕ್ಕ ಹೇಳಲಾಗದು. ಹೆದ್ದಾರಿಯಲ್ಲೇ ಓಡಾಡುವ ಕಾರಿನ ಪ್ಯಾಡ್ ಬಹಳ ಕಾಲ ಬಾಳುತ್ತದೆ. ಸಿಲ್ಕ್ ಬೋರ್ಡ್‌ನಿಂದ ಹೊರವರ್ತುಲ ರಸ್ತೆ ಹಿಡಿದು ದಿನವೂ ಮಾರತ್ತಹಳ್ಳಿಗೆ ಹೋಗಿ ಬರುವ ಕಾರು ಮಾರುಮಾರಿಗೂ ಬ್ರೇಕ್ ಹಾಕಬೇಕು. ಆಟೊಮ್ಯಾಟಿಕ್ ಕಾರಾದರೆ ಸವೆತ ಇನ್ನೂ ಬೇಗ. ಅದು ತಾನಾಗಿಯೇ ಮುಂದಕ್ಕೆ ತೆವಳುವುದರಿಂದ ಕಾಲು ಬ್ರೇಕಿನ ಮೇಲೆಯೇ ಇರುತ್ತದೆ.

ಎರಡನೆಯ ಮಾತು, 'ಡ್ಯಾಶ್‌ಬೋರ್ಡಿನ ಕೆಂಪು ಬ್ರೇಕ್ ದೀಪ ಹತ್ತಿಲ್ಲವಲ್ಲ, ಇನ್ನೇನು ಚಿಂತೆ?' ನನಗೆ ನಿಜವಾಗಿ ಭಯ ಹುಟ್ಟಿಸುವುದು ಈ ನಂಬಿಕೆ. ಸಾಮಾನ್ಯ ಕಾರುಗಳಲ್ಲಿ ಆ ದೀಪ ಪ್ಯಾಡನ್ನು ನೋಡುವುದೇ ಇಲ್ಲ. ಹ್ಯಾಂಡ್‌ಬ್ರೇಕ್ ಎಳೆದಿದೆಯೇ, ಬ್ರೇಕ್ ಆಯಿಲ್ ಮಟ್ಟ ಇಳಿದಿದೆಯೇ ಎಂಬುದನ್ನಷ್ಟೇ ಅದು ತಿಳಿಸುತ್ತದೆ. ಪ್ಯಾಡಿಗೇ ಸೆನ್ಸರ್ ಇರುವುದು ಹೆಚ್ಚಾಗಿ ದುಬಾರಿ ಕಾರುಗಳಲ್ಲಿ.

ಬಾನೆಟ್ ಎತ್ತಿ ಬ್ರೇಕ್ ಆಯಿಲ್ ಡಬ್ಬಿಯನ್ನೊಮ್ಮೆ ನೋಡಿ. ಅರೆಪಾರದರ್ಶಕ ಪ್ಲಾಸ್ಟಿಕ್ಕಿನ ಮೇಲೆ ಮೇಲಿನ ಗೆರೆ, ಕೆಳಗಿನ ಗೆರೆ ಎರಡೂ ಕಾಣುತ್ತವೆ. ಪ್ಯಾಡ್ ತೆಳುವಾದಷ್ಟೂ, ಅದನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಪಿಸ್ಟನ್ ಮುಂದೆ ಬರುತ್ತದೆ, ಹಿಂದಿನ ಜಾಗ ತುಂಬಲು ಡಬ್ಬಿಯ ಆಯಿಲ್ ಕೆಳಗಿಳಿಯುತ್ತದೆ. ಹಾಗಾಗಿ ಮಟ್ಟ ನಿಧಾನವಾಗಿ ಇಳಿದರೆ ಪ್ಯಾಡ್ ಸವೆಯುತ್ತಿದೆ ಎಂದೇ ಸಾಮಾನ್ಯವಾಗಿ ಅರ್ಥ. ಆದರೆ ಸರ್ವಿಸ್ ಮಾಡುವ ಹುಡುಗರು ಕಡಿಮೆ ಕಂಡ ಕೂಡಲೇ ಮೇಲಿನ ಗೆರೆಯವರೆಗೆ ತುಂಬಿಸಿಬಿಡುತ್ತಾರೆ. ಇದ್ದ ಒಂದು ಸುಳಿವನ್ನೂ ಅಳಿಸಿದ ಹಾಗಾಯಿತು. ಹಾಗೆ ತುಂಬಿಸಿದ ಮೇಲೆ ಪ್ಯಾಡ್ ಪೂರ್ತಿ ಸವೆದರೂ ದೀಪ ಹತ್ತುವುದಿಲ್ಲ. ಮಟ್ಟ ಇಳಿದಿದ್ದರೆ ಮೊದಲು ಪ್ಯಾಡ್ ನೋಡಿಸಿ, ಆಮೇಲೆ ಆಯಿಲ್ ವಿಚಾರ. ಕೆಲವೇ ದಿನಗಳಲ್ಲಿ ಸರ್ರನೆ ಇಳಿದರೆ ಎಲ್ಲೋ ಸೋರಿಕೆಯಿದೆ, ಅಂಥ ಕಾರನ್ನು ಓಡಿಸಬೇಡಿ.

ಶಬ್ದ ಪ್ರಾಮಾಣಿಕ ಸೂಚನೆ. ಅನೇಕ ಪ್ಯಾಡುಗಳಲ್ಲಿ ಒಂದು ಸಣ್ಣ ಲೋಹದ ಪಟ್ಟಿ ಇರುತ್ತದೆ. ಪ್ಯಾಡ್ ತೆಳುವಾದಾಗ ಅದು ಡಿಸ್ಕಿಗೆ ತಾಗಿ ಕೀರಲು ದನಿ ಹೊರಡಿಸುತ್ತದೆ. ಅಲ್ಲಿಗೇ ಗ್ಯಾರೇಜಿಗೆ ಬಂದರೆ ಪ್ಯಾಡಿನ ಖರ್ಚಷ್ಟೇ. ಕರಕರ ಎಂದು ಕಬ್ಬಿಣಕ್ಕೆ ಕಬ್ಬಿಣ ಉಜ್ಜುವವರೆಗೆ ಬಿಟ್ಟರೆ ಡಿಸ್ಕೂ ಹೋಗುತ್ತದೆ. ಮಳೆಯಲ್ಲಿ ರಾತ್ರಿಯಿಡೀ ಹೊರಗೆ ನಿಂತ ಕಾರು ಬೆಳಿಗ್ಗೆ ಮೊದಲ ಮೂರ್ನಾಲ್ಕು ಬ್ರೇಕಿಗೆ ಕಿರುಗುಟ್ಟಿ ಸುಮ್ಮನಾದರೆ ಗಾಬರಿ ಬೇಡ, ಅದು ಡಿಸ್ಕಿನ ಮೇಲೆ ಹಿಡಿದ ತೆಳು ತುಕ್ಕು.

ಅಲಾಯ್ ಚಕ್ರದ ಸಂದಿಯಲ್ಲಿ ಮೊಬೈಲ್ ಟಾರ್ಚ್ ಬಿಟ್ಟು ಪ್ಯಾಡ್ ನೋಡುವವರಿದ್ದಾರೆ. ಒಳ್ಳೆಯ ಅಭ್ಯಾಸವೇ, ಆದರೆ ಕಾಣುವುದು ಹೊರಗಿನ ಪ್ಯಾಡ್ ಮಾತ್ರ. ಕ್ಯಾಲಿಪರಿನ ಪಿನ್ನು ಕೆಸರು ತುಕ್ಕಿಗೆ ಜಾಮ್ ಆಗಿದ್ದರೆ ಒಳಗಿನದು ಬೇಗ ಸವೆದು, ಹೊರಗಿನದು ದಪ್ಪಗೇ ಉಳಿದಿರುತ್ತದೆ. ಚಕ್ರ ಬಿಚ್ಚಿಸಿಯೇ ನೋಡಬೇಕು. ಬ್ರೇಕ್ ಹಾಕಿದಾಗ ಕಾರು ಒಂದು ಬದಿಗೆ ಎಳೆಯುವುದು, ಒಂದೇ ಚಕ್ರ ವಿಪರೀತ ಬಿಸಿಯಾಗುವುದು, ಇವೂ ಇಂಥ ಜಾಮಿನ ಲಕ್ಷಣಗಳೇ ಆಗಿರಬಹುದು.

ಇನ್ನು ಕಾಲಿಗೆ ತಿಳಿಯುವ ಸಂಗತಿ. ಪೆಡಲ್ ಮೆತ್ತಗೆ ಒಳಹೋದರೆ ಪೈಪಿನಲ್ಲಿ ಗಾಳಿ ಸೇರಿರಬಹುದು. ಸಿಗ್ನಲ್ಲಿನಲ್ಲಿ ಒತ್ತಿ ಹಿಡಿದ ಪೆಡಲ್ ಮೆಲ್ಲಮೆಲ್ಲನೆ ಇಳಿಯುತ್ತಿದ್ದರೆ ಪೆಡಲಿನ ಒತ್ತಡವನ್ನು ಆಯಿಲಿಗೆ ದಾಟಿಸುವ ಮಾಸ್ಟರ್ ಸಿಲಿಂಡರಿನ ಸೀಲ್ ಹೋಗಿರುವ ಅನುಮಾನ. ಅಲ್ಲೇ ಬದಿಗೆ ನಿಲ್ಲಿಸಿ ಟೋಯಿಂಗ್ ಗಾಡಿ ಕರೆಸಿ, ಗ್ಯಾರೇಜಿನವರೆಗೆ ಹೇಗೋ ಹೋಗೋಣ ಎನ್ನಬೇಡಿ. ವೇಗದಲ್ಲಿ ಬ್ರೇಕ್ ಹಾಕಿದಾಗ ಸ್ಟೀರಿಂಗ್ ನಡುಗಿದರೆ ಡಿಸ್ಕ್ ನೋಡಿಸಬೇಕು. ಗಕ್ಕನೆ ಒತ್ತಿದಾಗ ಪೆಡಲ್ ದಡದಡಿಸುವುದು ಮಾತ್ರ, ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಕೆಲಸ ಮಾಡುವ ರೀತಿ.

ಆಯಿಲ್ ಕೂಡ ಹಳತಾಗುತ್ತದೆ, ಏಕೆಂದರೆ ಅದು ಗಾಳಿಯ ತೇವ ಹೀರುತ್ತದೆ. ಡಾಟ್ 4 ಎಂಬ ಬ್ರೇಕ್ ಆಯಿಲ್ ಮಾನದಂಡದ ಹೊಸ ಆಯಿಲ್ ಕುದಿಯಲು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಬೇಕು. ತೇವ ಹೀರಿಕೊಂಡದ್ದಕ್ಕೆ ಆ ಮಾನದಂಡದಲ್ಲಿ 155 ಡಿಗ್ರಿ ಇದ್ದರೂ ಸಾಕು. ನಂದಿಬೆಟ್ಟದಿಂದ ಬ್ರೇಕ್ ಒತ್ತಿಕೊಂಡೇ ಇಳಿದರೆ ಹಳೆಯ ಆಯಿಲ್ ಕುದಿದು ಗುಳ್ಳೆಯೆದ್ದು, ಪೆಡಲ್ ತಳ ಮುಟ್ಟಿದರೂ ಕಾರು ನಿಲ್ಲದಿರಬಹುದು. ಬೆಟ್ಟವನ್ನು ಕೆಳಗಿನ ಗೇರಿನಲ್ಲೇ ಇಳಿಯಿರಿ. ಕಾರಿನ ಕೈಪಿಡಿ ಬೇರೆ ಹೇಳದಿದ್ದರೆ ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ.

ಗ್ಯಾರೇಜಿನಲ್ಲಿ 'ಬ್ರೇಕ್ ಚೆಕ್ ಮಾಡಿ' ಎಂದಷ್ಟೇ ಹೇಳಬೇಡಿ. ಒಳಗಿನ ಪ್ಯಾಡ್ ಎಷ್ಟು ಮಿಲಿಮೀಟರ್ ಉಳಿದಿದೆ ಎಂದು ಕೇಳಿ. 3 ಮಿಲಿಮೀಟರಿಗೆ ಬಂದಿದ್ದರೆ ಬದಲಿಸುವುದೇ ಸರಿ, ಅದೂ ಎಡಬಲ ಎರಡೂ ಚಕ್ರಕ್ಕೆ. ಹೊಸ ಪ್ಯಾಡ್ ಹಾಕಿದ ಮೇಲೆ ಪೆಡಲ್ ಗಟ್ಟಿಯಾಗುವವರೆಗೆ ನಾಲ್ಕಾರು ಸಲ ಒತ್ತಿ, ಅನಂತರವೇ ಗೇರ್ ಹಾಕಿ. ಹಿಂದಕ್ಕೆ ತಳ್ಳಿದ ಪಿಸ್ಟನ್ ಮುಂದೆ ಬರುವವರೆಗೆ ಮೊದಲ ಒತ್ತಿಗೆ ಬ್ರೇಕ್ ಹಿಡಿಯುವುದಿಲ್ಲ.